ದೋಣಿಯ ನೆಲಕ್ಕೆ ಕುಂಬು ಹಿಡಿಯದ ಹಲಗೆ
(ವಡಾಲದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ವಡಾಲದ ಪೂರ್ವಕ್ಕೆ ಉಪ್ಪಿನ ಆಗರಗಳ ಹಾಗೂ ಕಾಂಡ್ಲಾ ಗಿಡಗಳ ಕಡೆಗೆ, ಇಲ್ಲವೇ ತುಸು ದಕ್ಷಿಣಕ್ಕೆ ಶಿವಡಿಯ ಕೆಸರು ತೀರಕ್ಕೆ ಹೋದವರು ದಡಕ್ಕೆಳೆದ ಮರದ ದೋಣಿಗಳನ್ನು ಕಂಡಿರಬಹುದು. ಇಲ್ಲಿ ನೆರೆದಿರುವವರಲ್ಲಿ ಅನೇಕರ ಮನೆತನಗಳು ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳ ಕಡಲತಡಿಯವು. ಊರಿನಲ್ಲಿ ಅಣ್ಣನದೋ ಮಾವನದೋ ಒಂದು ದೋಣಿ ಇರುತ್ತದೆ. ಅದರ ದುರಸ್ತಿಗೆ ಹಣ ಹೋಗುವುದು ಮುಂಬಯಿಯಿಂದಲೇ. ಆದುದರಿಂದ ಕೊಳೆತ ನೆಲಹಲಗೆಯ ಬದಲಿಗೆ ಏನನ್ನು ಹಾಕಿಸಬೇಕೆಂಬ ಪ್ರಶ್ನೆ ನಮಗೆ ದೂರದ್ದಲ್ಲ.

ನೆಲ ಕೊಳೆತಾಗ ನಾವು ಸಮುದ್ರದ ನೀರನ್ನು ದೂರುವುದು ವಾಡಿಕೆ. ಇದು ಬಹುಮಟ್ಟಿಗೆ ತಪ್ಪು ಗ್ರಹಿಕೆ. ಮರವನ್ನು ಕುಂಬಾಗಿಸುವುದು ಶಿಲೀಂಧ್ರ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಉಪ್ಪು ಹೆಚ್ಚಿದ್ದರೂ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಹಿಂದೆ ಕೆಲವು ದೇಶಗಳಲ್ಲಿ ಹಡಗಿನ ಪಕ್ಕೆಮರಗಳ ನಡುವೆ ಕಲ್ಲುಪ್ಪು ತುಂಬುತ್ತಿದ್ದುದು ಈ ಕಾರಣಕ್ಕಾಗಿಯೇ. ಕಡಲನೀರಿನಲ್ಲಿ ಮುಳುಗಿರುವ ಹೊರಹಲಗೆಯ ಶತ್ರು ಬೇರೆ, ಅದು ಮರ ಕೊರೆಯುವ ಹಡಗುಹುಳು. ಒಳನೆಲದ ಶತ್ರು ಸಿಹಿನೀರು.

ಈ ಸಿಹಿನೀರು ಎರಡು ದಾರಿಗಳಿಂದ ಬರುತ್ತದೆ. ಮೀನಿನ ಪೆಟ್ಟಿಗೆಯಿಂದ ಕರಗಿ ಸೋರುವ ಮಂಜುಗಡ್ಡೆ ಒಂದು. ಮತ್ತೊಂದು ಮಳೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಕನಿಷ್ಠ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಉಳಿಯಲು ಇದು ಅವಶ್ಯಕ. ಆದರೆ ಮುಂಬಯಿಯಲ್ಲಿ ಒಂದು ಮಳೆಗಾಲಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ದೊಡ್ಡ ಪಾಲು ಬೀಳುವ ತಿಂಗಳುಗಳಲ್ಲಿಯೇ ದೋಣಿ ದಡದ ಮೇಲೆ ನಿಶ್ಚಲವಾಗಿ ನಿಂತಿರುತ್ತದೆ. ದುಡಿಯುವ ದೋಣಿಗಿಂತ ವಿಶ್ರಾಂತಿ ಪಡೆಯುವ ದೋಣಿಯೇ ಬೇಗ ಕೊಳೆಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಹಲಗೆ ಬದಲಿಸುವ ಮುನ್ನ ಕೊಳೆ ಎಲ್ಲಿಯವರೆಗೆ ಹಬ್ಬಿದೆಯೆಂದು ತಿಳಿಯಬೇಕು. ಚೂಪಾದ ಚಾಕುವಿನ ತುದಿಯನ್ನು ಮರಕ್ಕೆ ಚುಚ್ಚಿ ಮೀಟಿರಿ. ಗಟ್ಟಿ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ. ಕುಂಬಾದದ್ದು ತುಂಡು ತುಂಡಾಗಿ ಮುರಿಯುತ್ತದೆ. ಹಲಗೆಯನ್ನು ಹೊತ್ತಿರುವ ಅಡ್ಡಮರಗಳಿಗೂ ಈ ಪರೀಕ್ಷೆ ಬೇಕು. ಅವು ಕೊಳೆತಿದ್ದರೆ ಮೇಲೆ ಎಷ್ಟೇ ಬೆಲೆಬಾಳುವ ಹಲಗೆ ಹಾಸಿದರೂ, ಅಲೆಯ ಹೊಡೆತಕ್ಕೆ ಬಲೆ ಎಳೆಯುವವನ ಕಾಲಡಿಯಲ್ಲಿಯೇ ನೆಲ ಕುಸಿದೀತು.

ಇನ್ನು ಮರದ ಆಯ್ಕೆ. ಸಾಗುವಾನಿಯ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಕೊಳೆಯನ್ನು ತಡೆಯುವ ಗುಣವಿರುವುದು ಅದರ ಚೇಗಿನಲ್ಲಿ ಮಾತ್ರ. ತೊಗಟೆಯ ಕೆಳಗಿನ ಬಿಳಿಯ ಭಾಗ ಯಾವ ಮರದ್ದಾದರೂ ಬೇಗ ಕೊಳೆಯುತ್ತದೆ. ಬಿಳಿಯಂಚಿರುವ ಅಗ್ಗದ ಸಾಗುವಾನಿ ಹಲಗೆಗಿಂತ ಚೇಗಿನ ಹೆಬ್ಬಲಸು ಲೇಸೆಂಬುದು ನನ್ನ ಅಭಿಪ್ರಾಯ. ಹೆಬ್ಬಲಸು, ಕಿರಾಲಬೋಗಿಗಳು ನಮ್ಮ ಕರಾವಳಿಯ ದೋಣಿಕಟ್ಟುವವರಿಗೆ ಹಿಂದಿನಿಂದಲೂ ಪರಿಚಿತ. ಮಾವಿನ ಹಲಗೆ ಸುಲಭವಾಗಿ ಸಿಗುತ್ತದೆ, ಆದರೆ ಸಂಸ್ಕರಿಸದೆ ಬಳಸಿದರೆ ಬಾಳಿಕೆ ಬಾರದು.

ಮರದ ಸಂಸ್ಕರಣೆಯಲ್ಲಿ ಭಾರತದ ಕೊಡುಗೆ ಗಣನೀಯ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶನ್ ರೂಪಿಸಿದರು. ಅದು ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಬಾಳಿಕೆಯಿಲ್ಲದ ರಬ್ಬರ್ ಮರವನ್ನು ಇಂಥ ಸಂಸ್ಕರಣೆಗೆ ಒಳಪಡಿಸಿ ದೋಣಿ ಕಟ್ಟಬಹುದೆಂದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತೋರಿಸಿಕೊಟ್ಟಿದೆ. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ ಈ ಮಿಶ್ರಣವನ್ನು ವಾಸದ ಮನೆಗಳ ಕೆಲಸಗಳಿಂದ 2003ರ ಕೊನೆಯಲ್ಲಿ ಹಿಂತೆಗೆಯಲಾಯಿತು. ಮೀನು ಸುರಿಯುವ, ಬರಿಗಾಲಿನಲ್ಲಿ ನಿಲ್ಲುವ ನೆಲಕ್ಕೆ ಇಂಥ ಹಲಗೆ ಬೇಡ. ಅದರ ಚೂರುಗಳನ್ನು ಒಲೆಗೆ ಹಾಕಲೇಬಾರದು.

ಪ್ಲೈವುಡ್ ಕೊಳ್ಳುವವರು ‘ವಾಟರ್‌ಪ್ರೂಫ್’ ಎಂಬ ಮಾತಿಗೆ ಮರುಳಾಗದೆ ಐಎಸ್ 710 ಎಂಬ ಮುದ್ರೆಯನ್ನು ಹುಡುಕಬೇಕು. ಅದು ಕಡಲ ಬಳಕೆಯ ಪ್ಲೈವುಡ್ಡಿನ ಮಾನಕ. ಅದರ ಅಂಟು 72 ಗಂಟೆ ಕುದಿನೀರಿನಲ್ಲಿದ್ದರೂ ಬಿಡಬಾರದು, ಮರದ ಪದರಗಳೂ ಸಂಸ್ಕರಿತವಾಗಿರಬೇಕು. ಬೇರೆ ಕೆಲವು ಹಾಳೆಗಳಲ್ಲಿ ಅಂಟು ಗಟ್ಟಿಯಿದ್ದರೂ ಒಳಗಿನ ಮರ ಕೊಳೆಯುತ್ತದೆ. ಉತ್ತಮ ಹಾಳೆಯಲ್ಲೂ ಗರಗಸ ತಾಗಿದ ಅಂಚು, ಮೊಳೆಯ ತೂತು ಇವು ನೀರು ಹೀರುವ ಬಾಯಿಗಳು. ಜೋಡಿಸುವ ಮೊದಲೇ ಅವಕ್ಕೆ ಎಪಾಕ್ಸಿ ಬಳಿಯಬೇಕು. ಮರದ ಮೇಲ್ಮುಖಕ್ಕೆ ಮಾತ್ರ ಗಾಜುನಾರಿನ ಹೊದಿಕೆ ಹಾಕುವುದು ಅಪಾಯಕರ. ಕೆಳಗಿನಿಂದ ಹೀರಿದ ನೀರು ಆರಲು ದಾರಿಯಿಲ್ಲದೆ ಹೊಳೆಯುವ ಹೊದಿಕೆಯಡಿ ಮರ ಪುಡಿಯಾಗುತ್ತದೆ.

ಮೊಳೆಗಳ ವಿಷಯದಲ್ಲಿ ಜಿಪುಣತನ ಬೇಡ. ತಾಮ್ರದ ಲವಣ ಹೀರಿದ ಮರದಲ್ಲಿ ಬರಿಯ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ತಾಮ್ರ, ಕಂಚು ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಯೋಗ್ಯ.

ಹಲಗೆಗಳನ್ನು ಒತ್ತೊತ್ತಾಗಿ ಬಡಿಯದೆ ಗಾಳಿಯಾಡುವಷ್ಟು ಸಂದು ಬಿಡಿಸಿರಿ. ಕೆಲವನ್ನಾದರೂ ಎತ್ತಿ ತೊಳೆಯುವಂತೆ ಸಡಿಲವಾಗಿಡಿಸಿರಿ. ಈ ಕೆಲಸವನ್ನೆಲ್ಲ ಬೇಸಿಗೆಯಲ್ಲಿ, ಮರ ಒಣಗಿರುವಾಗಲೇ ಮುಗಿಸಬೇಕು. ಮೇ ಕೊನೆಗೆ ದೋಣಿಯನ್ನು ದಡಕ್ಕೆಳೆದಾಗ ತುಸು ಓರೆಯಾಗಿ ನಿಲ್ಲಿಸಿ, ತಳದ ಬಿರಡೆಯನ್ನು ತೆಗೆದಿಟ್ಟು, ಮೇಲ್ಹೊದಿಕೆಯ ಎರಡೂ ತುದಿಗಳನ್ನು ಗಾಳಿಗೆ ತೆರೆದಿಡಲು ಊರಿನವರಿಗೆ ಇಂದೇ ಪತ್ರ ಬರೆಯಿರಿ.