ಗದ್ದಲದೊಳಗಿನ ಅಕ್ಷರ

ರಾತ್ರಿಯ ಹೊತ್ತು ರೇಡಿಯೋದಲ್ಲಿ ದೂರದ ನಿಲಯವನ್ನು ಹಿಡಿಯಹೊರಟವರಿಗೆ ಗೊರಗೊರ ಸದ್ದಿನ ನಡುವೆ ಮಾತನ್ನು ಹೆಕ್ಕುವ ಕಷ್ಟ ಗೊತ್ತು. ಮನುಷ್ಯನ ಮಿದುಳಿನ ಸಂಜ್ಞೆಯನ್ನು ಗಣಕಯಂತ್ರಕ್ಕೆ ಮುಟ್ಟಿಸಹೊರಟವರ ಕಷ್ಟವೂ ಇದೇ ಜಾತಿಯದು.

ಕೆಲವು ನರರೋಗಗಳಲ್ಲಿ ಕೈಕಾಲು, ನಾಲಗೆ ಎಲ್ಲವೂ ಸೋತುಹೋಗುತ್ತವೆ. ತಿಳಿವು ಮಾತ್ರ ಉಳಿದಿರುತ್ತದೆ. ಅಂಥವರು ಬಾಯಾರಿದೆಯೆಂದು ಹೇಳುವ ಬಗೆ ಹೇಗೆ?

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ದಾಖಲು ಮಾಡಿದರು. 1929ರಲ್ಲಿ ಅದನ್ನು ಪ್ರಕಟಿಸಿದರು. 1988ರಲ್ಲಿ ಅಮೆರಿಕದ ಫಾರ್ವೆಲ್ ಮತ್ತು ಡಾನ್ಚಿನ್ ಎಂಬುವರು ಈ ಅಲೆಗಳಿಂದ ಅಕ್ಷರ ಬರೆಸುವ ಉಪಾಯವನ್ನು ತೋರಿಸಿದರು. ಪರದೆಯ ಮೇಲೆ ಆರು ಸಾಲು, ಆರು ಕಂಬ, ಒಟ್ಟು 36 ಮನೆಗಳು. ಸಾಲುಗಳೂ ಕಂಬಗಳೂ ಒಂದೊಂದಾಗಿ ಮಿನುಗುತ್ತವೆ. ತಾನು ಬಯಸಿದ ಅಕ್ಷರ ಮಿನುಗಿದಾಗ, ಸುಮಾರು 300 ಮಿಲಿಸೆಕೆಂಡುಗಳ ಮೇಲೆ ಮಿದುಳಿನಲ್ಲಿ ಒಂದು ಪುಟ್ಟ ಅಲೆ ಏಳುತ್ತದೆ. ಯಾವ ಸಾಲಿಗೆ, ಯಾವ ಕಂಬಕ್ಕೆ ಅಲೆ ಎದ್ದಿತೆಂದು ತಿಳಿದರೆ ಅಕ್ಷರ ಸಿಕ್ಕಿತು.

ಆದರೆ ಆ ಅಲೆ ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಮಿದುಳಿನ ಬೇರೆ ಅಲೆಗಳು ಅದನ್ನು ಮುಚ್ಚಿಬಿಡುತ್ತವೆ. ಕಣ್ಣು ಮಿಟುಕಿಸಿದರೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಅಲೆ ಬರುತ್ತದೆ. ಮನೆಯ ವಿದ್ಯುತ್ ತಂತಿಯ 50 ಆವರ್ತನದ ಗುಂಯ್‌ಗುಟ್ಟುವಿಕೆ ಬೇರೆ.

ಗುಂಯ್‌ಗುಟ್ಟುವಿಕೆಯ ಆವರ್ತನ ಗೊತ್ತಿರುವುದರಿಂದ ಅದನ್ನು ಸೋಸಿ ತೆಗೆಯಬಹುದು. ಕಣ್ಣಿನ ಬಳಿ ಬೇರೆ ತಂತಿಯಿಟ್ಟು, ಮಿಟುಕಿನ ಪಾಲನ್ನು ಅಳೆದು ಕಳೆಯಬಹುದು. ಉಳಿದ ಗದ್ದಲಕ್ಕೆ ಮದ್ದು, ಸರಾಸರಿ. ಒಂದೇ ಅಕ್ಷರವನ್ನು ಮತ್ತೆ ಮತ್ತೆ ಮಿನುಗಿಸಿ ಸರಾಸರಿ ತೆಗೆದರೆ, ಬೇಕಾದ ಅಲೆ ಪ್ರತಿಸಲವೂ ಅದೇ ಕ್ಷಣದಲ್ಲಿ ಬರುವುದರಿಂದ ನಿಲ್ಲುತ್ತದೆ. ಗೊತ್ತುಗುರಿಯಿಲ್ಲದ ಗದ್ದಲ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ನಾಲ್ಕು ಸಲಕ್ಕೆ ಗದ್ದಲ ಅರ್ಧವಾದರೆ, ಕಾಲು ಪಾಲಿಗೆ ಇಳಿಯಲು 16 ಸಲ ಬೇಕು.

ಖಚಿತತೆಯ ಬೆಲೆ ಇಲ್ಲಿದೆ: ಕಾಲ. ಹೆಚ್ಚು ಸಲ ಮಿನುಗಿಸಿದರೆ ರೋಗಿ ದಣಿಯುತ್ತಾನೆ. ಕಡಿಮೆಯಾದರೆ ತಪ್ಪಕ್ಷರ ಬೀಳುತ್ತದೆ. ಆದ್ದರಿಂದ ಈಚಿನ ಯಂತ್ರಗಳಲ್ಲಿ ಒಂದು ಜಾಣ ಏರ್ಪಾಡು ಉಂಟು. ಪ್ರತಿ ಸುತ್ತಿನ ನಂತರ ತನ್ನ ಊಹೆ ಎಷ್ಟು ಗಟ್ಟಿಯೆಂದು ಯಂತ್ರ ಲೆಕ್ಕ ಹಾಕುತ್ತದೆ. ಸಾಕಷ್ಟು ಗಟ್ಟಿಯಾದೊಡನೆ ನಿಲ್ಲಿಸುತ್ತದೆ, ಇಲ್ಲವಾದರೆ ಇನ್ನೊಂದು ಸುತ್ತು ಕೇಳುತ್ತದೆ.

ಹಾಸಿಗೆ ಹಿಡಿದವರ ಮಾತಿಗೆ ಕಿವಿಗೊಡುವ ಮನೆಯವರು ಮಾಡುವುದೂ ಇದನ್ನೇ. ಅರ್ಥವಾಗದಿದ್ದರೆ ಊಹಿಸಿ ಹೋಗಿಬಿಡುವುದಿಲ್ಲ. ಬಾಗಿ ಇನ್ನೊಮ್ಮೆ ಕೇಳುತ್ತಾರೆ.