ತೂಕ ಮಗುವಿನದು, ಪಥ್ಯ ಮನೆಯವರದು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ನಮಗಿಂತ ಮುಂಚೆ ಮಾತಾಡಿದ ಹಿರಿಯರು ಸವಿಸ್ತಾರವಾಗಿ ತಿಳಿಸಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಮಕ್ಕಳ ಬೊಜ್ಜು. ಹಾಲಿನ ಸಂಘದ ಸಭೆಯಲ್ಲಿ ಇದೇನಪ್ಪಾ ಅಂತ ಕೆಲವರು ಮುಖ ಮುಖ ನೋಡಿಕೊಳ್ತಿದ್ದೀರಿ. ನಾವು ಡಾಕ್ಟರಲ್ಲ. ಆರೋಗ್ಯ ಶಿಬಿರಕ್ಕೆ ಬಂದಿದ್ದ ಮಕ್ಕಳ ಡಾಕ್ಟರು ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ತಮ್ಮ ಮುಂದೆ ಇಡ್ತೇವೆ.

ನಮ್ಮ ಕಡೆ ಇನ್ನೂ ಬೆಳವಣಿಗೆ ಕಡಿಮೆ ಇರುವ ಮಕ್ಕಳೇ ಜಾಸ್ತಿ, ಅದನ್ನು ಮರೆಯುವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಇಡೀ ದೇಶದಲ್ಲಿ ಅತಿ ತೂಕದ ಮಕ್ಕಳು ನೂರಕ್ಕೆ 3.4 ಇದ್ದರು, ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ 2.1 ಇದ್ದದ್ದು. ಸಂಖ್ಯೆ ಸಣ್ಣದೇ, ಆದರೆ ಏರ್ತಾ ಇದೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸ್ಕೂಲ್ ವ್ಯಾನು ಮನೆ ಬಾಗಿಲಿಗೇ ಬರ್ತದೆ. ಐದು ರೂಪಾಯಿ ಪೊಟ್ಟಣಗಳು ಪೆಟ್ಟಿಗೆ ಅಂಗಡಿಯಲ್ಲಿ ತೋರಣದ ಹಾಗೆ ನೇತಾಡ್ತಾವೆ. ಸಾಯಂಕಾಲ ಆಟದ ಬಯಲಲ್ಲಿ ಇರಬೇಕಾದ ಮಗು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿರ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ಇಂಥ ಮಗುವಿಗೆ ನಮ್ಮ ಮನೆಗಳಲ್ಲಿ ಏನು ಚಿಕಿತ್ಸೆ ನಡೀತದೆ ಅನ್ನೋದೇ ಇವತ್ತಿನ ಮಾತು. ಡಾಕ್ಟರು ತೂಕ ಜಾಸ್ತಿ ಅಂದರು ಅಂತ ಇಟ್ಟುಕೊಳ್ಳಿ. ತಾಯಿ ಬಂದವಳೇ ಮಗುವಿನ ತಟ್ಟೆಯಿಂದ ಅರ್ಧ ಅನ್ನ ತೆಗೀತಾಳೆ. ಮಿಕ್ಕವರ ತಟ್ಟೆ ಹಾಗೇ ಇರ್ತದೆ. ಶನಿವಾರ ಸಂತೆಯಿಂದ ಅಪ್ಪ ಬೋಂಡ ಕಟ್ಟಿಸಿಕೊಂಡು ಬರ್ತಾನೆ. ಎಲ್ಲರೂ ತಿಂತಾರೆ, ನಿನಗೆ ಬೇಡ ಅಂತ ಒಂದು ಮಗುವಿಗೆ ಮಾತ್ರ ಹೇಳ್ತಾರೆ. ತಾಯಿ ಕೊಟ್ಟಿಗೆ ಕಡೆ ಹೋದ ತಕ್ಷಣ ಅಜ್ಜಿ ಕರೆದು, "ಬಾ ಮಗಾ, ಬೆಳೆಯೋ ಮಗು ಹಸ್ಕೊಂಡಿರಬಾರ್ದು" ಅಂತ ಒಬ್ಬಟ್ಟಿಗೆ ತುಪ್ಪ ಹಾಕಿ ಕೊಡ್ತಾಳೆ. ಅಜ್ಜಿಯನ್ನು ಬೈಯ್ಯಬೇಡಿ. ಬರಗಾಲ ಕಂಡ ಜೀವ ಅದು, ಮೈ ತುಂಬಿದ ಮಗು ಅಂದರೆ ಅದರ ಕಣ್ಣಿಗೆ ಹಬ್ಬ. ತೂಕ ನೋಡಬೇಡಿ, ದೃಷ್ಟಿಯಾಗ್ತದೆ ಅಂತಲೂ ಹೇಳ್ತಾಳೆ. ಇತ್ತ ಅಣ್ಣ ತಮ್ಮಂದಿರು "ಡುಮ್ಮ" ಅಂತ ಕರೀತಾರೆ. ಕೊನೆಗೆ ಆ ಮಗು ಕಲಿಯೋದು ಒಂದೇ, ಕದ್ದು ತಿನ್ನೋದು.

ಈ ವಿಷಯದಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯನ್ನು ಸ್ವಲ್ಪ ನಿಧಾನವಾಗಿ ಹೇಳ್ತೇವೆ, ದಯಮಾಡಿ ಕೇಳಬೇಕು. ಲಿಯೊನಾರ್ಡ್ ಎಪ್ಸ್ಟೀನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 6ರಿಂದ 12 ವರ್ಷದ ದಪ್ಪ ಮಕ್ಕಳಿರುವ 76 ಕುಟುಂಬಗಳನ್ನು ಮೂರು ಗುಂಪು ಮಾಡಿದರು. ಊಟದ ಪಾಠ, ವ್ಯಾಯಾಮದ ಪಾಠ ಮೂರು ಗುಂಪಿಗೂ ಒಂದೇ. ವ್ಯತ್ಯಾಸ ಇದ್ದದ್ದು ಮೆಚ್ಚುಗೆ ಯಾರಿಗೆ, ಯಾತಕ್ಕೆ ಅನ್ನುವಲ್ಲಿ. ಮೊದಲನೇ ಗುಂಪಿನಲ್ಲಿ ಹೆತ್ತವರು, ಮಗು ಇಬ್ಬರೂ ಅಭ್ಯಾಸ ಬದಲಿಸಿ ತೂಕ ಇಳಿಸಬೇಕು. ಎರಡನೇದರಲ್ಲಿ ಮಗು ಮಾತ್ರ. ಮೂರನೇದರಲ್ಲಿ ಸಭೆಗೆ ಬಂದು ಹಾಜರಿ ಹಾಕಿದರೆ ಸಾಕು. ಹತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನು ಮತ್ತೆ ತೂಗಿ ನೋಡಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಇರಬೇಕಾದ ತೂಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅನ್ನುವ ಲೆಕ್ಕದಲ್ಲಿ, ಹೆತ್ತವರೂ ಸೇರಿದ್ದ ಗುಂಪಿನ ಮಕ್ಕಳು ಶುರುವಿಗಿಂತ 7.5 ಇಳಿದಿದ್ದರು. ಮಗು ಮಾತ್ರ ಗುಂಪು 4.5 ಏರಿತ್ತು. ಹಾಜರಿ ಗುಂಪು 14.3 ಏರಿತ್ತು. ಪಾಠ ಒಂದೇ ಆದರೂ ಮನೆ ಬದಲಾದ ಕಡೆ ಫಲ ಹತ್ತು ವರ್ಷ ನಿಂತಿತು.

ಇಸ್ರೇಲಿನ ಮೋರಿಯಾ ಗೋಲನ್ ಅನ್ನುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿನಲ್ಲಿ ಮಗುವನ್ನು ಕರೆಯಲೇ ಇಲ್ಲ, ತಂದೆ ತಾಯಿಗೆ ಮಾತ್ರ ತರಬೇತಿ. 1998ರ ಅವರ ವರದಿ ಪ್ರಕಾರ, ಮಕ್ಕಳನ್ನೇ ಕೂರಿಸಿಕೊಂಡು ಹೇಳಿದ್ದಕ್ಕಿಂತ ಇದೇ ಚೆನ್ನಾಗಿ ಕೆಲಸ ಮಾಡಿತು. ನಮಗೇನೂ ಆಶ್ಚರ್ಯ ಆಗಲಿಲ್ಲ. ಸಾಮಾನು ತರೋರು ದೊಡ್ಡೋರು, ಅಡಿಗೆ ಮಾಡೋರು ದೊಡ್ಡೋರು, ದುಡ್ಡು ಕೊಡೋರೂ ದೊಡ್ಡೋರೇ. ಎಂಟು ವರ್ಷದ ಮಗು ಒಬ್ಬಂಟಿಯಾಗಿ ಏನು ಮಾಡೀತು?

ಹಸುವಿಗಾದರೆ ನಾವು ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಪಶು ಆಹಾರ ಅಂತ ಅಳೆದು ಹಾಕ್ತೇವೆ. ಮಗುವಿಗೆ ಮಾತ್ರ ಅಳತೆ ಇಲ್ಲ. ಎಪ್ಸ್ಟೀನ್ ಅವರು ಪಟ್ಟಣದ ರಸ್ತೆ ದೀಪದ ಲೆಕ್ಕ ಹಾಕಿಕೊಟ್ಟಿದ್ದಾರೆ. ಹಸಿರು ದೀಪದ್ದು ಧಾರಾಳವಾಗಿ, ಹಳದಿಯದು ಅಳತೆ ಮೇಲೆ, ಕೆಂಪಿನದು ಅಪರೂಪಕ್ಕೆ. ನಮ್ಮ ಅಡಿಗೆಮನೆಗೆ ಹೊಂದಿಸಿದರೆ ಸೊಪ್ಪು, ತರಕಾರಿ, ಸೌತೆಕಾಯಿ ಹಸಿರು. ಮುದ್ದೆ, ಅನ್ನ, ಕಾಳು, ಮೊಟ್ಟೆ, ಹಾಲು ಹಳದಿ. ಬೋಂಡ, ಚಿಪ್ಸು, ಬೇಕರಿ ತಿಂಡಿ, ಕೂಲ್ ಡ್ರಿಂಕ್ಸು ಕೆಂಪು. ಕಾಲು ಲೀಟರ್ ಕೋಲಾದಲ್ಲಿ ಐದಾರು ಚಮಚ ಸಕ್ಕರೆ ಇರ್ತದೆ. ಹಾಲನ್ನು ಹಳದಿಗೆ ಹಾಕಿದ್ದಕ್ಕೆ ಯಾರೂ ಕೋಪ ಮಾಡಿಕೊಳ್ಳಬಾರದು. ಹಾಲು ಮಕ್ಕಳಿಗೆ ಬೇಕೇ ಬೇಕು, ಅದಕ್ಕೆ ಮೂರು ಚಮಚ ಸಕ್ಕರೆ ಹಾಕಿ ಕಲಸೋದು ಬೇಡ.

ಈ ಲೆಕ್ಕ ಮನೆಮಂದಿಗೆಲ್ಲ. ಕೆಂಪಿನದು ಮನೆಗೇ ಬರದಿದ್ದರೆ ಬೇಡ ಅನ್ನುವ ಜಗಳವೂ ಇಲ್ಲ. ಊಟದ ಹೊತ್ತಿಗೆ ಟಿವಿ, ಮೊಬೈಲ್ ಬಂದ್, ಅಪ್ಪನದೂ ಸೇರಿ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ದಣಿಯುವ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಸಾಯಂಕಾಲ ಡೈರಿಗೆ ಕ್ಯಾನ್ ತರುವಾಗ ಜೊತೆಗೆ ನಡೆಸಿಕೊಂಡು ಬಂದರೂ ಅದರಲ್ಲಿ ಒಂದಿಷ್ಟು ಆಯ್ತು. ಮಗು ಚೆನ್ನಾಗಿ ನಡೆದುಕೊಂಡರೆ ಬಹುಮಾನ ಅಂತ ತಿಂಡಿ ಕೊಡಬೇಡಿ, ಜಾತ್ರೆಗೋ ಕೆರೆ ಕಡೆಗೋ ಕರಕೊಂಡು ಹೋಗಿ. ಅಜ್ಜಿಗೆ ಒಂದು ಕೆಲಸ ವಹಿಸಿ: ಸೊಪ್ಪು ಬಿಡಿಸೋದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅಜ್ಜಿ ನಮ್ಮ ಕಡೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡು ಎಚ್ಚರಿಕೆ. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಎಷ್ಟೋ ಮಕ್ಕಳಿಗೆ ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ಸಾಕಾಗ್ತದೆ. ಎತ್ತರ ಏರದೆ ತೂಕ ಮಾತ್ರ ಏರ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಒಳಗೆ ಬೇರೆ ಕಾಯಿಲೆ ಇರಬಹುದು. ಇನ್ನು, ಒಂದು ದಿನದ ಶಿಬಿರದಿಂದ ಇದು ಆಗೋದಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಹೇಳಿದ್ದು, 3ರಿಂದ 12 ತಿಂಗಳ ಒಳಗೆ ಕನಿಷ್ಠ 26 ಗಂಟೆ ಕುಟುಂಬದ ಜೊತೆ ಕೂತು ಕಲಿಸಬೇಕು ಅಂತ. ನಮ್ಮ ಕಡೆ ಒಂದೊಂದು ಮನೆಗೆ ಅಷ್ಟು ಹೊತ್ತು ಯಾರು ಕೊಡ್ತಾರೆ? ಆದ್ದರಿಂದ ಅಂಥ ಮಕ್ಕಳಿರುವ ನಾಲ್ಕಾರು ಮನೆಯವರು ತಿಂಗಳಿಗೊಮ್ಮೆ ಒಟ್ಟಿಗೆ ಕೂರಲಿ, ಆಶಾ ಕಾರ್ಯಕರ್ತೆಯರನ್ನೂ ಕರೆಯೋಣ, ಸಂಘದ ಕೊಠಡಿ ಬಿಟ್ಟುಕೊಡ್ತೇವೆ. ತೂಕ ನೋಡೋದು ಮಾತ್ರ ಆರೋಗ್ಯ ಕೇಂದ್ರದಲ್ಲೇ. ಡೈರಿಯ ಸಾಲಿನಲ್ಲಿ ನಾಲ್ಕು ಜನರ ಮುಂದೆ ಮಗುವನ್ನು ತಕ್ಕಡಿ ಹತ್ತಿಸೋದು ಬೇಡವೇ ಬೇಡ.

ಇನ್ನೊಂದು ವಿಷಯವನ್ನು ಆಡಳಿತ ಮಂಡಳಿ ಮುಂದೆ ಇಟ್ಟಿದ್ದೇವೆ. ಈ ಸಲದ ಪ್ರತಿಭಾ ಪುರಸ್ಕಾರದಲ್ಲಿ ಮಕ್ಕಳಿಗೆ ಸಿಹಿ ಡಬ್ಬಿ ಬದಲು ಸ್ಕಿಪ್ಪಿಂಗ್ ಹಗ್ಗ, ಶಾಲೆಗೆ ಎರಡು ವಾಲಿಬಾಲ್ ಕೊಡೋಣ ಅಂತ. ಹಾಲಿನ ಸಂಘದವರೇ ಪೇಡ ಬೇಡ ಅಂದರೆ ಹೇಗೆ ಸ್ವಾಮಿ ಅಂತ ಒಬ್ಬ ನಿರ್ದೇಶಕರು ಕೇಳಿದರು. ಪೇಡ ಇದೆ, ಸಭೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು. ಅಪ್ಪಂದಿರಿಗೂ ಒಂದೇ.