ವಾರಕ್ಕೊಂದು ದಿನ ಕೈಯಿಂದ ಕಲಿಕೆ

(ಸಂಘದ ವಾರ್ಷಿಕ ಸಮಾವೇಶದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ನನಗೆ ಕೊಟ್ಟಿರುವ ವಿಷಯ ‘ಚಟುವಟಿಕೆ ಆಧಾರಿತ ಕಲಿಕೆ’. ಬಿ.ಎಡ್. ಓದುವಾಗ ಈ ವಿಷಯವನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಪಾಸಾದವಳು ನಾನು. ತರಗತಿಗೆ ಕಾಲಿಟ್ಟ ಮೇಲೆ ಮಾತ್ರ ಎಲ್ಲರಂತೆ ಬೋರ್ಡಿನ ಮೇಲೆ ಬರೆದು, ನೋಟ್ಸ್ ನಕಲು ಮಾಡಿಸಿ, ಕಂಠಪಾಠ ಒಪ್ಪಿಸಿಕೊಂಡೆ. ಆದ್ದರಿಂದ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ದಾವಣಗೆರೆಯಲ್ಲಿ, ನಮ್ಮ ಉರ್ದು ಮಾಧ್ಯಮದ ಏಳನೇ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಮೊದಲು ನಮ್ಮ ಕಷ್ಟ. ಏಳನೇ ತರಗತಿ ಮುಗಿಸಿದ ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗುತ್ತಾರೆ. ‘ನಿಸ್ಬತ್’ ಎಂದರೆ ಥಟ್ಟನೆ ಉತ್ತರ ಹೇಳುವ ಹುಡುಗ ಅಲ್ಲಿ ‘ಅನುಪಾತ’ ಎಂದ ಕೂಡಲೇ ತಲೆ ತಗ್ಗಿಸುತ್ತಾನೆ. ಅವನಿಗೆ ಗಣಿತ ಬರುವುದಿಲ್ಲವೆಂದು ಮೇಷ್ಟರು ತಿಳಿಯುತ್ತಾರೆ. ಕೊನೆಗೆ ಅವನೂ ಹಾಗೆಯೇ ತಿಳಿಯುತ್ತಾನೆ. ಮರುವರ್ಷ ಅವನನ್ನು ನಾನು ಗ್ಯಾರೇಜಿನಲ್ಲಿ ಕಂಡಿದ್ದೇನೆ. ಹುಡುಗಿಯರಾದರೆ ಅದೂ ಕಾಣುವುದಿಲ್ಲ, ಮನೆಯೊಳಗೇ ಇರುತ್ತಾರೆ. ಕೆಳಗಿನ ತರಗತಿಗಳಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. ಮೂರನೇ ತರಗತಿ ದಾಟಿತೋ, ಕಾರ್ಡುಗಳು ಹೋಗಿ ಗೈಡುಗಳು ಬರುತ್ತವೆ. ಎರಡು ಭಾಷೆಗಳ ನಡುವೆ ನಿಂತ ಮಗುವಿಗೆ ಕೈಗೆ ಏನಾದರೂ ಬೇಕಾಗಿರುವುದು ಆಗಲೇ.

ನಾನು ಮತ್ತು ವಿಜ್ಞಾನದ ಸಹೋದ್ಯೋಗಿ ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ, ಗುರುವಾರ ಊಟಕ್ಕೆ ಮುಂಚಿನ ಎರಡು ಪೀರಿಯಡ್ಡುಗಳನ್ನು ಒಂದು ಮಾಡಿಕೊಂಡೆವು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಆಗುವುದಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ಜನವರಿ ಕೊನೆಯ ವಾರ. ಮೈದಾನದಲ್ಲಿ ಒಂದು ಮೀಟರ್ ಉದ್ದದ ಬಿದಿರು ಕೋಲನ್ನು ನೆಟ್ಟೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ಮಕ್ಕಳೇ ನೋಡಿದರು. ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಹರಳು ಇಡುವುದು, ಅಳೆಯುವುದು, ಬರೆಯುವುದು. ಹನ್ನೆರಡು ಗಂಟೆಗೆ ನೆರಳು ಅತಿ ಚಿಕ್ಕದಾಗುತ್ತದೆ ಎಂದು ಎಲ್ಲರೂ ಪಂದ್ಯ ಕಟ್ಟಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ಹನ್ನೆರಡಾಯಿತು, ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಹನ್ನೆರಡೂವರೆಗೂ ನಿಲ್ಲಲಿಲ್ಲ. “ಟೀಚರ್, ನಿಮ್ಮ ಗಡಿಯಾರ ಕೆಟ್ಟಿದೆ” ಎಂದರು. 12-40ರ ಸುಮಾರಿಗೆ 65 ಸೆಂಟಿಮೀಟರಿಗೆ ಬಂದು, ಮತ್ತೆ ಬೆಳೆಯತೊಡಗಿತು.

ಉತ್ತರ ನನ್ನ ಬಳಿ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಿದೆ. ಏಳನೇ ತರಗತಿಯ ಮುಂದೆ ಹಾಗೆ ಹೇಳುವುದು ಸುಲಭವಲ್ಲ, ಇಲ್ಲಿರುವ ಶಿಕ್ಷಕರಿಗೆ ಗೊತ್ತು. ಮರುದಿನ ಅಟ್ಲಾಸ್ ತೆರೆದೆವು. ನಮ್ಮ ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ದಾವಣಗೆರೆ ಇರುವುದು ಹೆಚ್ಚುಕಡಿಮೆ 76ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 26 ನಿಮಿಷ ಮಕ್ಕಳೇ ಲೆಕ್ಕ ಹಾಕಿದರು. ಉಳಿದ ಹದಿಮೂರು-ಹದಿನಾಲ್ಕು ನಿಮಿಷ ಭೂಮಿಯ ಓರೆ ಮತ್ತು ಅದು ಸೂರ್ಯನನ್ನು ಸುತ್ತುವ ದಾರಿಯಿಂದ ಬರುವ ವ್ಯತ್ಯಾಸ. ನವೆಂಬರಿನಲ್ಲಿ ಅದು ತಿರುವುಮುರುವಾಗಿ, 12-10ಕ್ಕೇ ನಡುಹಗಲು ಆಗಿಬಿಡುತ್ತದೆ.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಅಂದು ಮೈದಾನದಲ್ಲೇ ಒಬ್ಬ ಹುಡುಗ, “ಟೀಚರ್, ಇದು ಜವಾಲ್ ಅಲ್ಲವೇ? ಅಸರ್ ಕೂಡ ನೆರಳಿನದ್ದೇ, ಮಕ್ತಬಿನಲ್ಲಿ ಹೇಳಿದ್ದಾರೆ” ಎಂದ. ನೆರಳು ನಡುಹಗಲಿನ ಅಳತೆಗಿಂತ ಕೋಲಿನ ಒಂದು ಪಟ್ಟು ಹೆಚ್ಚಿದರೆ ಶಾಫಿಈ ಪ್ರಕಾರ ಅಸರ್, ಎರಡು ಪಟ್ಟು ಹೆಚ್ಚಿದರೆ ಹನಫಿ ಪ್ರಕಾರ. ಹಾಗಾದರೆ ಎಷ್ಟೆಷ್ಟು? 165 ಮತ್ತು 265 ಸೆಂಟಿಮೀಟರ್. ದರ್ಜಿಯ ಟೇಪು 150ಕ್ಕೇ ಮುಗಿಯುತ್ತದೆ, ಆದ್ದರಿಂದ ಕೂಡುವ ಲೆಕ್ಕವೂ ಬಂತು. ನಾಲ್ಕು ಗಂಟೆಯ ಹೊತ್ತಿಗೆ ಮೊದಲ ಗುರುತು ದಾಟಿತು. ಎರಡನೆಯದು ದಾಟಿದ್ದು ನಾಲ್ಕೂ ಮುಕ್ಕಾಲಿನ ಹೊತ್ತಿಗೆ. ಶಾಲೆ ಬಿಟ್ಟಾಗಿತ್ತು, ಹನ್ನೊಂದು ಮಕ್ಕಳು ಮನೆಗೆ ಹೋಗದೆ ನಿಂತಿದ್ದರು. ಮಸೀದಿಯ ವಕ್ತ್ ಪಟ್ಟಿಯೊಡನೆ ಹೋಲಿಸಿದಾಗ ಕೆಲವೇ ನಿಮಿಷಗಳ ವ್ಯತ್ಯಾಸ. (ನಮಾಜಿಗೆ ಪಟ್ಟಿಯನ್ನೇ ನೋಡಿ, ನಿಮ್ಮ ಕೋಲನ್ನಲ್ಲ ಎಂದು ತಾಕೀತು ಮಾಡಿದ್ದೇನೆ.) ಹದಿನಾಲ್ಕನೇ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಇಬ್ನ್ ಅಲ್-ಶಾತಿರ್ ಎಂಬ ಖಗೋಳ ವಿಜ್ಞಾನಿ ನಮಾಜಿನ ವೇಳೆ ನಿರ್ಣಯಿಸುವ ಕೆಲಸದಲ್ಲಿದ್ದರು, ಅಲ್ಲಿಗೆ ನೆರಳು ಗಡಿಯಾರವನ್ನೂ ಮಾಡಿಕೊಟ್ಟರು ಎಂದು ಹೇಳಿದಾಗ ಮಕ್ಕಳಿಗೆ ಅದು ಇತಿಹಾಸದ ಪಾಠ ಎನಿಸಲೇ ಇಲ್ಲ.

ಮುಂದಿನ ಕೆಲಸ ಬರವಣಿಗೆ. ಉರ್ದುವಿನಲ್ಲಿ ಒಂದು ಪುಟ, ಕನ್ನಡದಲ್ಲಿ ಐದು ವಾಕ್ಯ. ಟೇಪು ಹಿಡಿದಿದ್ದ ಹುಡುಗಿಯೊಬ್ಬಳು ಅಲ್ಲಿಯವರೆಗೆ ಕನ್ನಡ ಪೀರಿಯಡ್ಡಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ತಾನಾಗಿ ಎದ್ದು ಓದಿದಳು: “ನೆರಳು ಸಣ್ಣ ಆಗಿತ್ತು. ಆಮೇಲೆ ದೊಡ್ಡ ಆಯ್ತು. ನಾನು ಅಳೆದೆ.” ಆ ದಿನ ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಅವಳ ಬಳಿ ಹೇಳಲು ಒಂದು ಸಂಗತಿ ಇತ್ತು, ಮಾತು ಅದನ್ನು ಹಿಂಬಾಲಿಸಿತು. ‘ಅನುಪಾತ’ವನ್ನೂ ಹಾಗೆಯೇ ಕಲಿತರು, ಕೋಲಿಗೂ ನೆರಳಿಗೂ ಇರುವ ‘ನಿಸ್ಬತ್’ ಎಂದು.

ಅವಳ ತಾಯಿ ಜಗಳಕ್ಕೆಂದೇ ಬಂದರು. “ಹುಡುಗಿಯನ್ನು ಬಿಸಿಲಲ್ಲಿ ಆಡಿಸೋದಕ್ಕೆ ಶಾಲೆಗೆ ಕಳಿಸಬೇಕಾ ಟೀಚರ್? ಇದು ಪರೀಕ್ಷೆಗೆ ಬರುತ್ತಾ?” ನ್ಯಾಯವಾದ ಪ್ರಶ್ನೆ. ಕೋಲು ಬರುವುದಿಲ್ಲ, ಅನುಪಾತ ಬರುತ್ತದೆ, ರೇಖಾಂಶ ಬರುತ್ತದೆ ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಏಳಕ್ಕೇ ಬಿಡಿಸಬೇಕೆಂದಿದ್ದ ಹುಡುಗಿ ಈಗ ಕನ್ನಡ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಗಣಿತದಲ್ಲಿ ಮೊದಲ ಸ್ಥಾನವೇನಲ್ಲ, ಪಾಸಾಗಿದ್ದಾಳೆ. ಇದಕ್ಕೆ ಬಿದಿರು ಕೋಲೇ ಕಾರಣ ಎಂದು ನಾನು ಹೇಳುವುದಿಲ್ಲ.

ಪ್ರತಿ ಗುರುವಾರವೂ ಹೀಗೆ ನಡೆಯಿತೆಂದರೆ ಸುಳ್ಳಾಗುತ್ತದೆ. ಬಳೆ, ಡಬ್ಬಿ ಮುಚ್ಚಳಗಳಿಗೆ ದಾರ ಸುತ್ತಿ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಮೂರಕ್ಕಿಂತ ತುಸು ಹೆಚ್ಚು ಬರಬೇಕು. ಒಂದು ಗುಂಪಿಗೆ 2.8 ಬಂತು. ದಾರ ಎಳೆದರೆ ಹಿಗ್ಗುವಂಥದ್ದು, ತಪ್ಪು ನನ್ನದು. ಸಂತೆ ಆಟ ಆಡಿಸಿದ ವಾರ ಬರೀ ಗಲಾಟೆ, ಪಕ್ಕದ ತರಗತಿಯವರ ದೂರು, ಕಲಿತದ್ದು ಸೊನ್ನೆ. ಪೋರ್ಷನ್ ಹಿಂದೆ ಬಿದ್ದದ್ದೂ ಉಂಟು.

ಇದರಲ್ಲಿ ಹೊಸತೇನೂ ಇಲ್ಲ. ಕೈಕೆಲಸದ ಮೂಲಕ ಎಲ್ಲ ವಿಷಯಗಳನ್ನೂ ಕಲಿಸಬೇಕೆಂಬ ಗಾಂಧೀಜಿಯವರ ವಿಚಾರಕ್ಕೆ 1937ರಲ್ಲಿ ಪಠ್ಯಕ್ರಮದ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ನಮ್ಮ ಡಾ. ಜಾಕಿರ್ ಹುಸೇನ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಹೇಳಿದೆ. ಹತ್ತು ದಿನ ಸಂತೋಷಕ್ಕೆ ಸಾಕು, ಅಭ್ಯಾಸಕ್ಕೆ ಸಾಲದು. ವಾರವಾರವೂ ಬೇಕು.

ಸಂಘದವರಲ್ಲಿ ನನ್ನ ಬಿನ್ನಹ ಹಣದ್ದಲ್ಲ. ನಿಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಆರು ಮತ್ತು ಏಳನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್ ಜೋಡಿಸಿ ಬಿಟ್ಟುಕೊಡಿ. ಅದಕ್ಕೆ ಫೋಟೋ, ಫೈಲು, ವರದಿ ಕೇಳಬೇಡಿ. ಮಕ್ಕಳ ನೋಟ್ ಪುಸ್ತಕ ನೋಡಿ.

ದಾವಣಗೆರೆಯಲ್ಲಿ ವರ್ಷಕ್ಕೆ ಎರಡು ಸಲ ನಡುಹಗಲಿನಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ರಜೆ ಇರುತ್ತದೆ. ಇನ್ನೊಂದು ಆಗಸ್ಟ್ ಮಧ್ಯದಲ್ಲಿ. ಮೋಡ ಬಿಟ್ಟರೆ ನೋಡೋಣ ಎಂದು ಈ ವರ್ಷದ ಮಕ್ಕಳು ಕೋಲನ್ನು ಈಗಲೇ ನೆಟ್ಟಿದ್ದಾರೆ.